ಗರಗಸದ ರಜಾ

ಹೆಸರು ಯಮನಪ್ಪ, ಊರು ನೇಸರಗಿ, ಕೆಲಸ ಗರಗಸ.
ಹೆಸರಿಗೂ ಕೆಲಸಕ್ಕೂ ಜೋಡಿ ಕೂಡಿಸಿ ನಗದವರಿಲ್ಲ
ಬೆಳಗಾವಿ ಕರೆಂಟಿನ ಆಫೀಸಿನೊಳಗ.

ಶನಿವಾರ. ಹಣಮಪ್ಪಗ ಎಣ್ಣಿ ಹಾಕಿ
ಒಂದ ಕಪ್ಪು ಚಹಾದ ಮ್ಯಾಲ ಉಪಾಸ ಇದ್ದೆ.
ಕ್ಯಾಂಪಿನ ಓಣಿ, ಹೆಂಚಿನ ಮನಿ,
ತಂತಿಯ ಮ್ಯಾಲ ತೋಳು ಚಾಚಿದ ಹಲಸಿನ ಮರ.
ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದಿದ್ದ
ಬೆರಳುದ್ದದ ಹಿತ್ತಾಳಿ ಡಬ್ಬಿ;
ಮೀಟರಿಂದ ಏನೋ ಅಂತ ತಿಳಿದೆ.

ಮಿಲ್ಕಾ ಟೀಚರ್ ಕಾಗದ ಓದಿದ್ರು, ಪೂರಾ, ಎರಡು ಸಲ,
ಗಣಿತ ಕಲಿಸೋರು ಓದೂ ಹಂಗ.
'ಕಡೀರಿ ಅನ್ನೂದಿಲ್ಲ, ಬ್ಯಾಡ ಅನ್ನೂದಿಲ್ಲ.
ಇವತ್ತು ಪೆನ್ನು ಮುಟ್ಟೂ ಹಂಗಿಲ್ಲ ನಾನು.
ಮೂರು ಚುಕ್ಕಿ ಕಂಡ ಮ್ಯಾಲ ಬರ್ರಿ, ಸಹಿ ಹಾಕ್ತೇನಿ.'

ಇಪ್ಪತ್ತು ವರ್ಷದಾಗ
ಮರ ಅಪ್ಪಿಕೊಂಡವರನ್ನ ನೋಡೇನಿ,
ಬೈದವರನ್ನ, ಅತ್ತವರನ್ನ, ಕೌನ್ಸಿಲರಿಗೆ ಫೋನು ಹಚ್ಚಿದವರನ್ನ.
ವಾರದ ಹೆಸರು ಹೇಳಿ ಮರ ನಿಲ್ಲಿಸಿದವರು ಇವರ ಮೊದಲು.

ನೀರು ಕೊಟ್ರು. ಕಟ್ಟಿ ಮ್ಯಾಲ ಕುಂತೆ.
ಅವರ ಹಿರೇರು ಕೊಂಕಣದಾಗ ಗಾಣ ನಡಸ್ತಿದ್ರಂತ.
'ಶನಿವಾರದ ಗಾಣಿಗರು ಅಂತಿದ್ರು ಮಂದಿ.
ಆ ದಿನ ನಮಗ ರಜಾ, ಎತ್ತಿಗೂ ರಜಾ.'
'ಹೊಲಕ್ಕ?' ಅಂದೆ, ಚ್ಯಾಷ್ಟಿಗೆ.
'ಅದಕ್ಕೂ ಐತಿ. ಏಳು ವರ್ಷಕ್ಕ ಒಂದು ವರ್ಷ.'

ನಮ್ಮಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲ,
ಬಸವಣ್ಣನ ವಾರ.
ಎತ್ತು ಹೋದವು, ಟ್ರ್ಯಾಕ್ಟರ್ ಬಂತು.
ಸೋಮವಾರಕ್ಕ ಯಾರೂ ಸುದ್ದಿ ಮುಟ್ಟಿಸಲಿಲ್ಲ.

ಸಂಜಿಗೆ ಬೀದಿದೀಪದ ಝಳಕ್ಕ
ಮೂರನೇ ಚುಕ್ಕಿ ಲಗೂನ ಸಿಗಲಿಲ್ಲ.
ಅವರ ಮಗ ನಿಸ್ಸೀಮ ಹುಡುಕಿದ, ಹಲಸಿನ ಎಲಿ ಸಂದ್ಯಾಗ.
ಟೀಚರ್ ಪೆನ್ನಿನ ಟೊಪ್ಪಿಗಿ ತಗದು ಸುಮ್ಮನ ನಿಂತ್ರು.
'ಕೋಟಿಗೆ ಮುತ್ತಿಗಿ ಹಾಕಿದರೂ
ಹಣ್ಣಿನ ಮರಕ್ಕ ಕೊಡಲಿ ಹಚ್ಚಬ್ಯಾಡ ಅಂತೈತಿ ನಮ್ಮಲ್ಲೆ.
ಮರ ಏನು ಮನಶ್ಯಾನಾ,
ನಿನ್ನ ಕಂಡು ಅಗಸಿಯೊಳಗ ಓಡಿ ಹೋಗಾಕ?'
'ಇದು?'
'ಇದು ಕಾಯಿ ಬಿಟ್ಟು ಒಂಬತ್ತು ವರ್ಷ ಆತು.'

ನಿಸ್ಸೀಮ ಬ್ಯಾಟರಿ ಹಿಡಕೊಂಡು ಹತ್ತಿದ,
ಟೊಂಗಿ ಟೊಂಗಿ ನೋಡಿದ.
ನಾ ಬುಡದ ಮಣ್ಣು ಕೆದರಿದೆ,
ಹಲಸು ಬೇರಿನಾಗೂ ಕಾಯಿ ಮುಚ್ಚಿಡ್ತದಲ್ಲ.
ಏನೂ ಇಲ್ಲ.
ಒಂದು ಸುಳ್ಳು ಸಾಕಿತ್ತು. ನನ್ನ ಬಾಯಿಗೂ ಬಂದಿತ್ತು.
ಅವರು ಸಹಿ ಹಾಕಿದ್ರು.
ಅಕ್ಷರ ನೆಟ್ಟಗ, ಕೆಳಗ ಒಂದು ಗೆರಿ.

ಭಾನುವಾರ ಆಫೀಸಿಗೆ ಬೀಗ.
ಸೋಮವಾರ ನಾನ ಅಂದೆ, 'ಇವತ್ತು ಒಲ್ಲೆ, ಸಾಹೇಬ್ರ.'
'ಗರಗಸ ಏನು ಎತ್ತೇನಲೇ?'
'ದುಡೀತದಲ್ರಿ.'
ಮಂಗಳವಾರ ಅಮಾಸಿ.
ಬುಧವಾರ ಚೈನು ಹರೀತು.
ಹರದವರ್ಯಾರು ಅಂತ ಕೇಳಬ್ಯಾಡ್ರಿ.

ಗುರುವಾರ ಹೋದೆ. ಪೆಟ್ರೋಲ್ ತುಂಬಿತ್ತು, ನೆವ ತೀರಿತ್ತು.
ಟೀಚರ್ ತಂತಿಯಿಂದ ಹನ್ನೆರಡು ಹೆಜ್ಜಿ ಅಳದು
ತಗ್ಗು ತೋಡಿದ್ರು.
ಸಾಲಿಗೆ ಉಟ್ಟ ಸೀರಿ, ಅಂಚಿಗೆ ಕೆಂಪು ಮಣ್ಣು.
'ಇದನ್ನ ನೆಟ್ಟಗ ಹಿಡೀರಿ.'
ಹಿಡದೆ. ಗೇಣುದ್ದದ ಹಲಸಿನ ಸಸಿ.
ಇಷ್ಟು ವರ್ಷ ನಡುಗೂ ಕಬ್ಬಿಣ ಹಿಡದ ಕೈಗೆ
ಏನೂ ಹಿಡದಂಗ ಅನಸಲಿಲ್ಲ;
ಅದಕ್ಕ ಮತ್ತಷ್ಟು ಬಿಗಿ ಹಿಡದೆ.
'ಸಡಲ ಹಿಡೀರಿ, ಸಡಲ,' ಅಂದ್ರು.

ಮಣ್ಣು ಎಳಕೋತ ಹೇಳಿದ್ರು:
'ಸಸಿ ಕೈಯಾಗ ಇದ್ದಾಗ,
ಜಗತ್ತು ಕಾಯೋನು ಬಂದಾ ಅಂತ ಯಾರರೆ ಕೂಗಿದ್ರ,
ಮೊದಲು ನೆಡು,
ಆಮ್ಯಾಲ ಅವನ್ನ ಎದುರುಗೊಳ್ಳಾಕ ಹೋಗು ಅಂತಾರ ನಮ್ಮೋರು.'

ಗೇಟಿನ್ಯಾಗ ಜೀಪು ಹಾರ್ನು ಹೊಡೀತು. ಮತ್ತೊಮ್ಮಿ.
ಸಾಹೇಬ್ರು ಗಾಜು ಇಳಿಸಿ ನನ್ನ ಹೆಸರು ಕೂಗಿದ್ರು,
ಓಣಿಗೆಲ್ಲ ಕೇಳೂ ಹಂಗ.

'ಬಂದೆ,' ಅಂದೆ.
ನಿಸ್ಸೀಮ ಇನ್ನೂ ಕೊಡ ತಂದಿರಲಿಲ್ಲ.